ಹೆದರಿದವರನ್ನು ನೋಡಿ ನಗಬಹುದಾ? ಡೋಮಿಯೆ ಮತ್ತು ಫ್ರೆಂಚ್ ಕಲ್ಲಚ್ಚಿನ ವ್ಯಂಗ್ಯಚಿತ್ರಗಳು

ಚಿತ್ರಗುಪ್ತ
ಈಚೆಗೆ ಒನೊರೆ ಡೋಮಿಯೆಯ ಚಿತ್ರಗಳನ್ನು ನೋಡುತ್ತಾ ಕೂತಿದ್ದೇನೆ. ಹತ್ತೊಂಬತ್ತನೇ ಶತಮಾನದ ಫ್ರೆಂಚ್ ವ್ಯಂಗ್ಯಚಿತ್ರಕಾರ. ಪ್ಯಾರಿಸ್ಸಿನ ‘ಲ ಶಾರಿವಾರಿ’ ಪತ್ರಿಕೆಗೆ ಕಲ್ಲಚ್ಚಿನಲ್ಲಿ, ಅಂದರೆ ಕಲ್ಲಿನ ಮೇಲೆ ಬರೆದು ಅಚ್ಚು ತೆಗೆಯುವ ಲಿಥೋಗ್ರಫಿಯಲ್ಲಿ, ಬರೆಯುತ್ತಿದ್ದ. ಒಟ್ಟು ಸುಮಾರು 4000 ಚಿತ್ರ. ಅವನ ರಾಜಕೀಯ ಚಿತ್ರಗಳನ್ನು ಸದ್ಯಕ್ಕೆ ಬಿಡಿ. ನನ್ನ ತಲೆ ಕೊರೆಯುತ್ತಿರುವುದು ಜನಸಾಮಾನ್ಯರ ಭಯಗಳ ಮೇಲೆ ಬರೆದವು.

1857ರ ಜೂನ್ 13ಕ್ಕೆ ಧೂಮಕೇತು ಬಂದು ಭೂಮಿಗೆ ಬಡಿಯುತ್ತೆ ಅಂತ ಆಗ ಯುರೋಪಿನಲ್ಲಿ ಗುಲ್ಲೆದ್ದಿತ್ತು. ಜನ ನಿಜವಾಗಿಯೂ ಹೆದರಿದ್ದರು. ಡೋಮಿಯೆ ಆ ಹೆದರಿಕೆಯನ್ನೇ ತಮಾಷೆ ಮಾಡಿದ. ಹೊಟ್ಟೆನೋವು, ಕಾಯಿಲೆ, ರೈಲು, ಮನೆ ಮಾಲೀಕ, ಯಾವುದನ್ನೂ ಬಿಟ್ಟಿಲ್ಲ.

ನೋಡಿದಾಗ ನಗು ಬರುತ್ತೆ. ಆಮೇಲೆ ಒಂಥರಾ ಕಸಿವಿಸಿ. ಹೆದರಿದವನನ್ನು ನೋಡಿ ನಗೋದು, ಜಾರಿ ಬಿದ್ದವನನ್ನು ನೋಡಿ ನಕ್ಕ ಹಾಗೆ ಅಲ್ವಾ? ನಿಮಗೇನನ್ನಿಸುತ್ತೆ?

ಬೆಣ್ಣೆದೋಸೆ
ಜಾರಿ ಬಿದ್ದವನನ್ನು ನೋಡಿ ನಗದೇ ಇರೋನು ಯಾರು ಗುರೂ? ಮೊದಲು ನಕ್ಕು ಆಮೇಲೆ ಕೈ ಕೊಟ್ಟು ಎಬ್ಬಿಸಿದರಾಯ್ತು.

ಓದುಗ ದೊರೆ
ಫ್ರೆಂಚ್ ಕವಿ ಬೋದಿಲೇರ್ 1855ರಲ್ಲಿ ನಗುವಿನ ಬಗ್ಗೆ ಒಂದು ಪ್ರಬಂಧ ಬರೆದಿದ್ದಾನೆ. ಅದರಲ್ಲೂ ಇದೇ ಉದಾಹರಣೆ ಇದೆ. ಬೀದಿಯಲ್ಲಿ ಒಬ್ಬ ಬೀಳುತ್ತಾನೆ, ನೋಡಿದವನು ನಗುತ್ತಾನೆ. ‘ನಾನು ಬಿದ್ದಿಲ್ಲ, ನಾನು ಹುಷಾರು’ ಅನ್ನೋ ಜಂಬವೇ ಆ ನಗುವಿನ ಮೂಲ ಅಂತ ಅವನ ವಾದ. ಬಿದ್ದವನೇ ನಗಬೇಕಾದರೆ ಅವನು ತತ್ವಜ್ಞಾನಿ ಆಗಿರಬೇಕಂತೆ. ಇದೇ ಬೋದಿಲೇರ್ ಎರಡು ವರ್ಷ ಬಿಟ್ಟು ಫ್ರೆಂಚ್ ವ್ಯಂಗ್ಯಚಿತ್ರಕಾರರ ಮೇಲೆ ಬರೆದು ಡೋಮಿಯೆಯನ್ನು ಬಾಯಿ ತುಂಬಾ ಹೊಗಳಿದ. ಅಂದರೆ ಡೋಮಿಯೆಯ ನಗುವಿನಲ್ಲಿ ಬರೀ ಜಂಬ ಅಲ್ಲದೆ ಬೇರೆ ಏನೋ ಅವನಿಗೆ ಕಂಡಿರಬೇಕು.

ಕಲ್ಲಚ್ಚಿನ ಹುಚ್ಚ
ಚಿತ್ರಗುಪ್ತರೇ, ರಾಜಕೀಯ ಬಿಡಿ ಅಂದ್ರಲ್ಲ, ಬಿಡೋಕಾಗಲ್ಲ. ಡೋಮಿಯೆ ಹೊಟ್ಟೆನೋವು, ಬಾಡಿಗೆ, ರೈಲು ಅಂತ ಬರೆಯೋಕೆ ಹೊರಟಿದ್ದೇ ರಾಜಕೀಯದಿಂದ.

1831ರಲ್ಲಿ ದೊರೆ ಲೂಯಿ ಫಿಲಿಪ್‌ನನ್ನು ದೈತ್ಯ ಹೊಟ್ಟೆಬಾಕನ ಥರ ಬರೆದ. ಬಡವರು ತಂದು ಸುರಿದ ದುಡ್ಡು ಹಲಗೆಯ ಮೇಲೆ ಹಾದು ದೊರೆಯ ಬಾಯಿಗೆ ಹೋಗುತ್ತೆ, ಕೆಳಗಿನಿಂದ ಪದವಿ, ಬಿರುದು ಆಗಿ ಹೊರಗೆ ಬರುತ್ತೆ. ಅದಕ್ಕೆ ಆರು ತಿಂಗಳ ಜೈಲು, 500 ಫ್ರಾಂಕ್ ದಂಡ. 1832ರಲ್ಲಿ ಸೇಂತ್ ಪೆಲಜಿ ಜೈಲಿಗೆ ಹೋದ. ಪತ್ರಿಕೆಯ ಯಜಮಾನ ಶಾರ್ಲ್ ಫಿಲಿಪೋಂ ಕೂಡ ಕೋರ್ಟು, ಜೈಲು ಅಂತ ಅಲೆದವನೇ. ದೊರೆಯ ಮುಖ ಹಂತಹಂತವಾಗಿ ಪೇರ್ ಹಣ್ಣಾಗುವ ಚಿತ್ರ ಬರೆದು, ‘ಇದರಲ್ಲಿ ಯಾವುದಕ್ಕೆ ಶಿಕ್ಷೆ ಕೊಡ್ತೀರಿ ಹೇಳಿ’ ಅಂತ ಕೋರ್ಟಿನಲ್ಲೇ ಕೇಳಿದ ಪುಣ್ಯಾತ್ಮ.

1835ರ ಜುಲೈನಲ್ಲಿ ದೊರೆಯ ಮೇಲೆ ಕೊಲೆ ಯತ್ನ ಆಯ್ತು. ಸರ್ಕಾರ ಅದನ್ನೇ ನೆಪ ಮಾಡಿಕೊಂಡು ಸೆಪ್ಟೆಂಬರಿನಲ್ಲಿ ಹೊಸ ಕಾನೂನು ತಂದಿತು. ಚಿತ್ರ ಅಚ್ಚಾಗುವ ಮುಂಚೆಯೇ ಅನುಮತಿ ಬೇಕು. ಫಿಲಿಪೋಂನ ಇನ್ನೊಂದು ಪತ್ರಿಕೆ ‘ಲ ಕಾರಿಕಾತುರ್’ ಮುಚ್ಚಿತು. ದೊರೆಯನ್ನು ಮುಟ್ಟುವಂತಿಲ್ಲ ಅಂದ ಮೇಲೆ ಉಳಿದದ್ದು ಯಾರು? ಬಾಡಿಗೆದಾರ, ರೋಗಿ, ಗಂಡ, ಹೆಂಡತಿ, ವಕೀಲ, ಡಾಕ್ಟರು. 1857ರ ಹೊತ್ತಿಗೆ ಮೂರನೇ ನೆಪೋಲಿಯನ್ ಕಾಲ, ಮತ್ತೆ ಬಾಯಿಗೆ ಬೀಗ. ಧೂಮಕೇತುವಿಗೆ ಸೆನ್ಸಾರ್ ಇರಲಿಲ್ಲ, ಅಷ್ಟೆ.

ಶರಾವತಿ
ಹಾಗಾದರೆ ಬಲಶಾಲಿಯನ್ನು ಬೈಯೋಕಾಗದೆ ಬಡಪಾಯಿಗಳ ಮೇಲೆ ತಿರುಗಿಬಿದ್ದ ಅಂತಾಯ್ತು. ಇದು ಹೊಗಳಿಕೆನಾ?

ಕಲ್ಲಚ್ಚಿನ ಹುಚ್ಚ
@ಶರಾವತಿ ಬಡಪಾಯಿಗಳಲ್ಲ ಮೇಡಂ, ಮಧ್ಯಮ ವರ್ಗ. ಅಂಗಡಿ ಇಟ್ಟವರು, ಗುಮಾಸ್ತರು, ಪಿಂಚಣಿದಾರರು. ಪತ್ರಿಕೆ ಕೊಂಡು ಓದುತ್ತಿದ್ದವರೂ ಅವರೇ. ಕೊಳ್ಳೋಕೆ ಆಗದವರು ಕೆಫೆಯಲ್ಲಿ ಕೂತು ಓದುತ್ತಿದ್ದರು. ಅದೂ ಆಗದವರು ವೆರೊ-ದೊದಾ ಪ್ಯಾಸೇಜಿನಲ್ಲಿದ್ದ ಓಬೆರ್‌ನ ಚಿತ್ರದಂಗಡಿಯ ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದರು. ಓಬೆರ್ ಅಂದರೆ ಫಿಲಿಪೋಂನ ಭಾವ. ಅಂದರೆ ನಗುತ್ತಿದ್ದವರೂ ಹೆದರಿದವರೂ ಒಬ್ಬರೇ.

ಭೌತಶಾಸ್ತ್ರ ಮೇಷ್ಟ್ರು
ಧೂಮಕೇತುವಿನ ಚಿತ್ರಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 1857ರದ್ದಲ್ಲ, ಮರುವರ್ಷದ್ದು. ಅದರ ಹಿಂದಿನ ಕಥೆ ಹೇಳಲೇಬೇಕು.

1857ರಲ್ಲಿ ಪ್ರಳಯದ ಗುಲ್ಲೆದ್ದಾಗ ‘ಏನೂ ಆಗಲ್ಲ, ಸುಮ್ನೆ ಮಲಗಿ’ ಅಂತ ಧೈರ್ಯ ಹೇಳಿದ ವಿಜ್ಞಾನಿಗಳಲ್ಲಿ ಜಾಕ್ ಬಬಿನೆ ದೊಡ್ಡ ಹೆಸರು. ಆಪ್ಟಿಕ್ಸ್ ಓದಿದವರಿಗೆ ಬಬಿನೆ ತತ್ವ ಗೊತ್ತಿರುತ್ತೆ, ಅದೇ ಬಬಿನೆ. ಧೂಮಕೇತು ಅಂದರೆ ಕಣ್ಣಿಗೆ ಕಾಣುವ ಶೂನ್ಯ ಅನ್ನೋ ಥರ ಅವನ ಮಾತು. ತೀರಾ ತೆಳು, ಬಡಿದರೂ ಭೂಮಿಗೆ ಏನೂ ಆಗಲ್ಲ ಅಂತ. ಜೂನ್ 13 ಬಂತು, ಹೋಯಿತು. ಮರುವರ್ಷ ಜೂನ್ 2ಕ್ಕೆ ಫ್ಲಾರೆನ್ಸಿನಲ್ಲಿ ದೊನಾತಿ ಒಂದು ಹೊಸ ಧೂಮಕೇತು ಕಂಡುಹಿಡಿದ. ಸೆಪ್ಟೆಂಬರಿನ ಹೊತ್ತಿಗೆ ಅದು ಬರಿಗಣ್ಣಿಗೇ ಕಾಣಿಸಿತು. ಆ ಶತಮಾನದ ಅತ್ಯಂತ ಚೆಂದದ ಧೂಮಕೇತು ಅಂತ ಈಗಲೂ ಹೇಳುತ್ತಾರೆ.

ಡೋಮಿಯೆ ಏನು ಬರೆದ ನೋಡಿ. ಬಬಿನೆ ದೊಡ್ಡ ದೂರದರ್ಶಕಕ್ಕೆ ಕಣ್ಣಿಟ್ಟು ಬಗ್ಗಿ ನಿಂತಿದ್ದಾನೆ. ಮಹಾ ಗಂಭೀರ. ಧೂಮಕೇತು ಮಾತ್ರ ಅವನ ಬೆನ್ನ ಹಿಂದಿನ ಆಕಾಶದಲ್ಲಿ ಬಾಲ ಹರಡಿಕೊಂಡು ನಿಂತಿದೆ. ಅವನ ಮನೆ ಬಾಗಿಲು ಕಾಯುವ ಹೆಂಗಸು ಹಿಂದಿನಿಂದ ‘ಸ್ವಾಮಿ, ಅಲ್ಲಿದೆ’ ಅಂತ ತೋರಿಸುತ್ತಿದ್ದಾಳೆ. ಚಿತ್ರದ ಕೆಳಗೆ: ಧೂಮಕೇತು ಬಂದಿರುವ ವಿಷಯವನ್ನು ಬಬಿನೆಯವರಿಗೆ ಅವರ ಮನೆ ಕಾಯುವವಳು ತಿಳಿಸುತ್ತಿರುವುದು.

ಇದರಲ್ಲಿ ಹೆದರಿದವರು ಯಾರೂ ಇಲ್ಲ. ಹೆದರಬೇಡಿ ಅಂದ ಪಂಡಿತನನ್ನೇ ಹಿಡಿದು ನಗಾಡಿದ್ದಾನೆ. ಬಬಿನೆ ಹೇಳಿದ್ದು ಸರಿಯೇ ಇತ್ತು, ಪಾಪ. ಆದರೂ ಸಿಕ್ಕಿಹಾಕಿಕೊಂಡ.

ಬೆಣ್ಣೆದೋಸೆ
ಮೇಷ್ಟ್ರೇ, ಮನೆ ಕಾಯುವವಳಿಗೆ ನೂರಕ್ಕೆ ನೂರು ಅಂಕ ಕೊಡಿ 😄

ಗಡಿಯಾರ
1910ರ ಹ್ಯಾಲಿ ಧೂಮಕೇತುವಿನ ಕಥೆಯಲ್ಲೂ ಫ್ರೆಂಚರ ಕೈವಾಡ ಇದೆ. ಬಾಲದಲ್ಲಿ ಸಯನೋಜೆನ್ ವಿಷಾನಿಲ ಇದೆ ಅಂತ ಗೊತ್ತಾಯ್ತು. ಮೇ ತಿಂಗಳಲ್ಲಿ ಭೂಮಿ ಬಾಲದೊಳಗೆ ಹಾದುಹೋಗುತ್ತೆ ಅಂತಲೂ ಲೆಕ್ಕ ಸಿಕ್ಕಿತು. ಆ ಅನಿಲ ವಾತಾವರಣ ಸೇರಿ ಎಲ್ಲರನ್ನೂ ಸಾಯಿಸಬಹುದು ಅಂತ ಖಗೋಳಜ್ಞ ಫ್ಲಾಮಾರಿಯೋಂ ಹೇಳಿದ್ದಾಗಿ ಪತ್ರಿಕೆಗಳು ಬರೆದವು. ಧೂಮಕೇತು ಮಾತ್ರೆ ಮಾರಿ ದುಡ್ಡು ಮಾಡಿಕೊಂಡವರೂ ಇದ್ದರು. ಡೋಮಿಯೆ ಆಗ ಬದುಕಿದ್ದರೆ ಮಾತ್ರೆ ಮಾರುವವನನ್ನು ಬಿಡುತ್ತಿರಲಿಲ್ಲ.

ಸಂಜೆ ಬಸ್ಸು
2012ರಲ್ಲಿ ಪ್ರಳಯ ಅಂತ ನಮ್ಮ ಟಿವಿಯವರು ಎಷ್ಟು ದಿನ ಓಡಿಸಿದರು ನೆನಪಿದೆಯಾ? ನಮ್ಮ ಪಕ್ಕದ ಮನೆ ಅಜ್ಜಿ ಬ್ಯಾಂಕಿನಲ್ಲಿಟ್ಟ ದುಡ್ಡೆಲ್ಲ ತೆಗೆಸಿ ಮೊಮ್ಮಕ್ಕಳಿಗೆ ಹಂಚಿಬಿಟ್ಟಿದ್ದರು. ಪ್ರಳಯ ಬರಲಿಲ್ಲ. ಮೊಮ್ಮಕ್ಕಳು ವಾಪಸ್ ಕೊಡಲೂ ಇಲ್ಲ.

ವೇದಿಕೆ ನಿರ್ವಾಹಕ
ಟಿವಿ ಜ್ಯೋತಿಷಿಗಳ ವಿಷಯ ಶುರುವಾದರೆ ಈ ಚರ್ಚೆ ಎಲ್ಲಿ ಹೋಗಿ ನಿಲ್ಲುತ್ತೆ ಅಂತ ನಮಗೆ ಗೊತ್ತು. ಫ್ರಾನ್ಸಿಗೆ ವಾಪಸ್ ಬನ್ನಿ.

ಶರಾವತಿ
ಮೇಷ್ಟ್ರ ಚಿತ್ರ ಚೆನ್ನಾಗಿದೆ, ಒಪ್ಪಿದೆ. ಆದರೆ ಕಾಯಿಲೆ ಭಯದ ಚಿತ್ರಗಳಿಗೆ ಏನಂತೀರಿ? ನಮ್ಮ ಅಣ್ಣನಿಗೆ ಆರೋಗ್ಯದ ಬಗ್ಗೆ ವಿಪರೀತ ಆತಂಕ. ತಲೆನೋವು ಬಂದರೆ ಗಡ್ಡೆ, ಎದೆ ಹಿಡಿದರೆ ಹಾರ್ಟ್ ಅಟ್ಯಾಕ್. ರಾತ್ರಿಯೆಲ್ಲ ಮೊಬೈಲಿನಲ್ಲಿ ರೋಗಲಕ್ಷಣ ಹುಡುಕುತ್ತಾ ಕೂರುತ್ತಾನೆ. ಒಬ್ಬ ಡಾಕ್ಟರು ಅವನೆದುರಿಗೇ ನಕ್ಕುಬಿಟ್ಟರು. ಆಮೇಲೆ ಎಷ್ಟೋ ತಿಂಗಳು ಯಾವ ಡಾಕ್ಟರ ಹತ್ತಿರವೂ ಹೋಗಲಿಲ್ಲ. ಹಾಗಾಗಿ ಈ ನಗು ನನಗೆ ಅಷ್ಟು ಸಲೀಸಾಗಿ ಗಂಟಲಲ್ಲಿ ಇಳಿಯೋದಿಲ್ಲ.

ಚಿತ್ರಗುಪ್ತ
@ಶರಾವತಿ ಅಕ್ಕ, ನಿಮ್ಮ ಅಣ್ಣನ ಕಥೆ ಓದಿ 1833ರ ‘ಇಮ್ಯಾಜಿನೇಶನ್’ ಸರಣಿ ನೆನಪಾಯಿತು. ರಾಮೆಲೆ ಅನ್ನುವವನ ಕಲ್ಪನೆ, ಕಲ್ಲಿನ ಮೇಲೆ ಬರೆದದ್ದು ಡೋಮಿಯೆ. ಜೈಲಿನಿಂದ ಬಿಟ್ಟು ಬಂದ ವರ್ಷ. ಅದರಲ್ಲಿ ಹೊಟ್ಟೆನೋವಿನ ಒಂದು ಚಿತ್ರ ಇದೆ. ಸೋಫಾ ಮೇಲೆ ಮುದುಡಿ ಕೂತ ರೋಗಿ. ಸುತ್ತ ಪುಟ್ಟಪುಟ್ಟ ದೆವ್ವಗಳು. ಸೊಂಟಕ್ಕೆ ಹಗ್ಗ ಸುತ್ತಿ ಎರಡೂ ಕಡೆ ಹಗ್ಗಜಗ್ಗಾಟ ನಡೆಸಿವೆ. ಬೇರೆ ದೆವ್ವಗಳು ಹೊಟ್ಟೆಗೇ ಗರಗಸ ಹಾಕಿವೆ. ಇದನ್ನು ನೋಡಿ ನಗು ಬರುತ್ತೆ, ನಿಜ. ಆದರೆ ‘ಏನೂ ಇಲ್ಲ, ಎಲ್ಲ ನಿನ್ನ ಭ್ರಮೆ’ ಅಂತ ಈ ಚಿತ್ರ ಹೇಳುತ್ತಿಲ್ಲ. ನೋವು ಇದೆ, ಗರಗಸದಷ್ಟು ನಿಜ ಇದೆ ಅಂತಲೇ ಹೇಳುತ್ತಿದೆ.

ಕುಂದಾಪ್ರದವ
ಚಿತ್ರಗುಪ್ತರೇ, ಆ ಹಗ್ಗದ ಕಲ್ಪನೆ ಫ್ರೆಂಚರದ್ದಲ್ಲ ಮಾರಾಯ್ರೆ. ಇಂಗ್ಲೆಂಡಿನ ಜಾರ್ಜ್ ಕ್ರೂಕ್‌ಶ್ಯಾಂಕ್ 1819ರಲ್ಲೇ ಹೊಟ್ಟೆನೋವು, ತಲೆನೋವು ಎರಡನ್ನೂ ಬರೆದಿದ್ದ. ಅಲ್ಲೂ ದೆವ್ವಗಳು, ಅಲ್ಲೂ ಹಗ್ಗ. ಪ್ಯಾರಿಸ್ಸಿನವರು ಎತ್ತಿಕೊಂಡದ್ದು. ಮೂಲದವನಿಗೆ ಸ್ವಲ್ಪ ಮರ್ಯಾದೆ ಕೊಡುವ.

ಕಲ್ಲಚ್ಚಿನ ಹುಚ್ಚ
ಎತ್ತಿಕೊಂಡಿದ್ದು ನಿಜ. ಆ ಕಾಲದಲ್ಲಿ ಎಲ್ಲರೂ ಎತ್ತಿಕೊಳ್ಳುತ್ತಿದ್ದರು. 1841ರಲ್ಲಿ ಲಂಡನ್ನಿನಲ್ಲಿ ‘ಪಂಚ್’ ಶುರುವಾದಾಗ ಹೆಸರಿನ ಜೊತೆಗೇ ‘ಲಂಡನ್ ಶಾರಿವಾರಿ’ ಅಂತ ಹಾಕಿಕೊಂಡರು. ಸಾಲ ತೀರಿತು ಅಂದುಕೊಳ್ಳಿ.

ಹಳೇ ಪುಸ್ತಕದಂಗಡಿ
ಲಸಿಕೆ ಭಯದ ಮೇಲೆ ಇರುವ ಚಿತ್ರವೂ ಡೋಮಿಯೆಯದ್ದೇ ಅಲ್ವಾ? ಚುಚ್ಚಿಸಿಕೊಂಡವರ ಮೈಯಿಂದ ಹಸುಗಳು ಹೊರಬರುವುದು?

ಕುಂದಾಪ್ರದವ
ಅಲ್ಲ. ಅದು ಗಿಲ್ರೇ, 1802, ಇಂಗ್ಲೆಂಡ್. ತಾಮ್ರದ ತಗಡಿನ ಮೇಲೆ ಕೊರೆದದ್ದು, ಕಲ್ಲಚ್ಚಲ್ಲ. ಡೋಮಿಯೆ ಹುಟ್ಟಿದ್ದೇ 1808ರಲ್ಲಿ.

ಗಡಿಯಾರ
ಕಾಯಿಲೆ ಭಯ ಅಂದರೆ ಹಲ್ಲು ಡಾಕ್ಟರು ಬರಲೇಬೇಕು. ಲೂಯಿ ಲೆಯೊಪೋಲ್ ಬ್ವಾಯಿ ಅಂತ ಒಬ್ಬನಿದ್ದ, ಡೋಮಿಯೆಗಿಂತ ಒಂದೆರಡು ತಲೆಮಾರು ಹಿಂದಿನವನು. 1823ರಿಂದ ಮುಖಚೇಷ್ಟೆಗಳ ಸರಣಿ ಶುರು ಮಾಡಿದ. ಹಿನ್ನೆಲೆ ಏನೂ ಇಲ್ಲ, ಬರೀ ತಲೆಗಳು ಒತ್ತೊತ್ತಾಗಿ. ಅದರಲ್ಲಿ ‘ಉಕ್ಕಿನ ಮುಲಾಮು’ ಅಂತ ಒಂದು ಚಿತ್ರ. ಮುಲಾಮು ಅಂದರೆ ಇಕ್ಕಳ! ಹಲ್ಲು ಕೀಳುವವನು ರೋಗಿಯ ಬಾಯಿಗೆ ಕೈ ಹಾಕಿದ್ದಾನೆ, ರೋಗಿಯ ಮುಖ ಹಿಂಡಿಹೋಗಿದೆ. ಈಥರ್ ಕೊಟ್ಟು ಆಪರೇಶನ್ ಮಾಡಿ ತೋರಿಸಿದ್ದು 1846ರಲ್ಲಿ. ಅದಕ್ಕೆ ಇಪ್ಪತ್ತಕ್ಕೂ ಜಾಸ್ತಿ ವರ್ಷ ಮುಂಚಿನ ಬಾಯಿ ಇದು. ಆ ಹೆದರಿಕೆ ಕಲ್ಪನೆಯದ್ದಲ್ಲ ಸ್ವಾಮಿ.

ಅರ್ಧ ಚಹಾ
ಹಲ್ಲು ಡಾಕ್ಟರ ಕುರ್ಚಿಯಲ್ಲಿ ಕೂತೇ ಇದನ್ನು ಓದುತ್ತಿದ್ದೇನೆ. ಥ್ಯಾಂಕ್ಸ್ ಗಡಿಯಾರ.

ಪೆನ್ಸಿಲ್ ಪುಟ್ಟಮ್ಮ
ಎಲ್ಲರೂ ಡೋಮಿಯೆಯನ್ನು ತಲೆ ಮೇಲೆ ಹೊತ್ತುಕೊಂಡಿದ್ದೀರಿ. ಅವನು ಬೇರೆಯವರ ಭಯವನ್ನಷ್ಟೇ ಬರೆದ ಅಂತ ಯಾರು ಹೇಳಿದ್ದು? 1844ರಲ್ಲಿ ‘ಬಾ-ಬ್ಲೂ’ ಅಂತ ಸರಣಿ ಮಾಡಿದ. ಓದುವ, ಬರೆಯುವ ಹೆಂಗಸರ ಮೇಲೆ. ಒಂದು ಚಿತ್ರದಲ್ಲಿ ತಾಯಿ ಮೇಜಿಗೆ ಅಂಟಿಕೊಂಡು ಬರೆಯುತ್ತಿದ್ದಾಳೆ. ಹಿಂದೆ ಮಗು ಸ್ನಾನದ ತೊಟ್ಟಿಗೆ ತಲೆಕೆಳಗಾಗಿ ಬಿದ್ದಿದೆ, ಕಾಲು ಮಾತ್ರ ಮೇಲೆ. ತಾಯಿ ಬರವಣಿಗೆಯ ಬೆಂಕಿಯಲ್ಲಿದ್ದಾಳೆ, ಮಗು ತೊಟ್ಟಿಯ ನೀರಿನಲ್ಲಿದೆ ಅಂತ ಕೆಳಗೆ ಮಾತು.

ಇಲ್ಲಿ ಹೆದರಿದವರು ಯಾರು? ಚಿತ್ರದಲ್ಲಿರುವ ಹೆಂಗಸಂತೂ ಅಲ್ಲ, ಅವಳು ಆರಾಮಾಗಿ ಬರೆಯುತ್ತಿದ್ದಾಳೆ. ಹೆದರಿದ್ದು ಗಂಡಸರು. ಬಟನ್ ಹೊಲಿಯುವವರು ಯಾರು, ಮಗು ನೋಡುವವರು ಯಾರು ಅಂತ. ಕಾದಂಬರಿಕಾರ್ತಿ ಜಾರ್ಜ್ ಸಾಂಡ್ ಆಗಲೇ ಹೆಸರು ಮಾಡಿದ್ದಳು. ಆ ಭಯಕ್ಕೆ ನಗುವಿನ ಬಣ್ಣ ಬಳಿದು ಹೆಂಗಸಿನ ಮೇಲೆ ಎಸೆದಿದ್ದಾನೆ. ದೊರೆಯ ಮುಂದೆ ಹುಲಿ, ಹೆಂಡತಿ ಲೇಖನಿ ಹಿಡಿದರೆ ನಡುಕ.

ಕಲ್ಲಚ್ಚಿನ ಹುಚ್ಚ
ಒಂದು ಮಾತು ಮೇಡಂ. ಶಾರಿವಾರಿಯ ಚಿತ್ರಗಳ ಕೆಳಗಿನ ಮಾತುಗಳನ್ನು ಬಹುಪಾಲು ಬರೆಯುತ್ತಿದ್ದದ್ದು ಪತ್ರಿಕೆಯವರು, ಡೋಮಿಯೆ ಅಲ್ಲ. ಅವನು ಚಿತ್ರ ಬರೆದು ಕಲ್ಲು ಕಳಿಸುತ್ತಿದ್ದ. ಮಾತೇ ಬೇಡ, ಗೆರೆಯೇ ಹೇಳಬೇಕು ಅನ್ನೋ ಪೈಕಿ ಅವನು.

ಪೆನ್ಸಿಲ್ ಪುಟ್ಟಮ್ಮ
ತೊಟ್ಟಿಯಲ್ಲಿ ಮಗುವಿನ ಕಾಲು ಬರೆದದ್ದೂ ಪತ್ರಿಕೆಯವರೇ?

ಬೆಣ್ಣೆದೋಸೆ
ಹುಚ್ಚರೇ, ಈಗ ಉತ್ತರ ಹೇಳಿ 😂

ಓದುಗ ದೊರೆ
ಪುಟ್ಟಮ್ಮನವರ ಕಡೆ ನನ್ನ ಓಟು. ಆ ಸರಣಿಯನ್ನು ಇವತ್ತು ನೋಡುವಾಗ ನಗುವಿಗಿಂತ ಜಾಸ್ತಿ ಕಾಣೋದು ಬರೆದವರ ದಿಗಿಲು. ಆದರೆ ಅದೇ ಡೋಮಿಯೆ ವಕೀಲರ ಮೇಲೆ ಮಾಡಿದ ಸರಣಿ ನೋಡಿ. ಕೋರ್ಟಿನ ಮೆಟ್ಟಿಲಿಗೆ ಹೆದರುವ ಸಾಮಾನ್ಯನ ಪರವಾಗಿಯೇ ಇದೆ. ಒಬ್ಬನೇ ಮನುಷ್ಯ, ಎರಡು ಬುದ್ಧಿ.

ಮೂರನೇ ದರ್ಜೆ
ರೈಲಿನ ಬಗ್ಗೆ ಯಾರೂ ಬರೆಯಲಿಲ್ಲ, ಅದಕ್ಕೇ ಬಂದೆ. ಪ್ಯಾರಿಸ್ಸಿನಿಂದ ಸೇಂ-ಜೆರ್ಮೇನ್‌ಗೆ ರೈಲು ಶುರುವಾಗಿದ್ದು 1837ರಲ್ಲಿ. ಐದೇ ವರ್ಷಕ್ಕೆ, 1842ರ ಮೇ 8ರಂದು, ವರ್ಸಾಯ್‌ನಿಂದ ವಾಪಸಾಗುತ್ತಿದ್ದ ರೈಲು ಮ್ಯೂದೋಂ ಹತ್ತಿರ ಹಳಿ ತಪ್ಪಿ ಹೊತ್ತಿಕೊಂಡಿತು. ಡಬ್ಬಿಗಳ ಬಾಗಿಲಿಗೆ ಹೊರಗಿನಿಂದ ಬೀಗ. ಒಳಗಿದ್ದವರು ಸುಟ್ಟುಹೋದರು. ದಕ್ಷಿಣ ಧ್ರುವದ ಕಡೆ ಹಡಗಿನಲ್ಲಿ ಹೋಗಿ ಬದುಕಿ ಬಂದಿದ್ದ ದ್ಯುಮೋಂ ದ್ಯುರ್ವಿಲ್ ಹೆಂಡತಿ, ಮಗನ ಜೊತೆ ಅದರಲ್ಲೇ ಸತ್ತ. ಮರುವರ್ಷವೇ ಡೋಮಿಯೆ ರೈಲಿನ ಮೇಲೆ ಸರಣಿ ಬರೆದ.

ನನಗೆ ಇಷ್ಟವಾದದ್ದು ಇನ್ನೂ ಆಮೇಲಿನದು, 1856ರದ್ದು. ಚಳಿಗಾಲ, ಮೂರನೇ ದರ್ಜೆ ಡಬ್ಬಿ, ಜನ ಮರಗಟ್ಟಿ ಕೂತಿದ್ದಾರೆ. ಕೆಳಗಿನ ಮಾತಿನ ಸಾರ: ಚಳಿಗಾಲದಲ್ಲಿ ಮೂರನೇ ದರ್ಜೆಯ ಸೊಗಸು ಪ್ರಯಾಣಿಕರಿಗೆ ಬರಬರುತ್ತಾ ಕಡಿಮೆಯಾಗುತ್ತಿದೆ. ಇಲ್ಲಿ ಏಟು ಬಿದ್ದದ್ದು ನಡುಗುವವರಿಗಲ್ಲ, ರೈಲು ಕಂಪನಿಗೆ.

ಶರಾವತಿ
ಮ್ಯೂದೋಂ ಆದ ಮರುವರ್ಷವೇ ರೈಲಿನ ತಮಾಷೆನಾ? ಸತ್ತವರ ಮನೆಯವರು ನೋಡಿರಲ್ವಾ?

ಚಿತ್ರಗುಪ್ತ
ನನ್ನ ಕಸಿವಿಸಿಯೂ ಅದೇ ಅಕ್ಕ. ಆದರೆ ಎಲ್ಲಿ ನಗಬಾರದು ಅನ್ನೋದೂ ಅವನಿಗೆ ಗೊತ್ತಿತ್ತು. 1832ರಲ್ಲಿ ಪ್ಯಾರಿಸ್ಸಿಗೆ ಕಾಲರಾ ಬಂದು ಹದಿನೆಂಟು ಸಾವಿರಕ್ಕೂ ಜಾಸ್ತಿ ಜನ ಸತ್ತರು. ಪ್ರಧಾನಿ ಕಾಸಿಮಿರ್ ಪೆರಿಯೆ ಕೂಡ ಹೋದ. ಡೋಮಿಯೆ ಆಗ ಆ ಊರಲ್ಲೇ ಇದ್ದ. 1840ರಲ್ಲಿ ಡಾಕ್ಟರುಗಳನ್ನು ಗೇಲಿ ಮಾಡುವ ಒಂದು ಪದ್ಯಪುಸ್ತಕಕ್ಕೆ ಮರದಚ್ಚಿನ ಚಿತ್ರಗಳನ್ನು ಬರೆದ. ಅದರಲ್ಲಿ ಕಾಲರಾ ಚಿತ್ರವೂ ಇದೆ. ಒಬ್ಬ ಬೀದಿಯಲ್ಲೇ ಕುಸಿದಿದ್ದಾನೆ, ಹಿಂದೆ ಹೆಣ ಸಾಗುತ್ತಿದೆ. ಪುಸ್ತಕ ಗೇಲಿಯದ್ದು. ಆ ಪುಟದಲ್ಲಿ ಮಾತ್ರ ಹುಡುಕಿದರೂ ನಗು ಸಿಗಲ್ಲ.

ಕಪ್ಪು ಶಾಯಿ
ಸಾವಿನ ಜೊತೆಗೇ ತಮಾಷೆ ಮಾಡಿದವನು ಗ್ರಾಂವಿಲ್. ಫ್ರಾನ್ಸಿನ ನಾನ್ಸಿ ಊರಿನವನು, 1803ರಲ್ಲಿ ಹುಟ್ಟಿದ್ದು. 1830ರಲ್ಲಿ ‘ಅನಂತದ ಕಡೆಗೆ ಪಯಣ’ ಅಂತ ಕಲ್ಲಚ್ಚಿನ ಸರಣಿ ತಂದ. ಔಷಧದಂಗಡಿ ಚಿತ್ರ ಒಂದಿದೆ. ಅಂಗಡಿಯವನು ಗಿರಾಕಿಗೆ ಹೇಳುತ್ತಿದ್ದಾನೆ, ‘ನೀವೇನೂ ಯೋಚನೆ ಮಾಡಬೇಡಿ, ನಮ್ಮ ಹುಡುಗ ಯಾವತ್ತೂ ತಪ್ಪು ಮಾಡಲ್ಲ.’ ಹಿಂದೆ ಔಷಧ ಅರೆಯುತ್ತಿರುವ ಆ ಹುಡುಗ ಒಂದು ಅಸ್ಥಿಪಂಜರ. ಡೋಮಿಯೆಯದ್ದು ನೋಡಿ ನಕ್ಕು ಪುಟ ತಿರುಗಿಸಬಹುದು. ಇದನ್ನು ನೋಡಿದ ಮೇಲೆ ಮೆಡಿಕಲ್ ಶಾಪಿಗೆ ಹೋದಾಗ ಕೌಂಟರಿನ ಹಿಂದೆ ಒಂದು ಸಲ ಕಣ್ಣು ಹೋಗೇ ಹೋಗುತ್ತೆ.

ಕೋಡು ಬರೆಯುವವ
ನಾನು ಐಟಿಯವನು, ಚಿತ್ರಕಲೆ ಗೊತ್ತಿಲ್ಲ. ಆದರೆ ಕೆಲಸ ಹೋಗುವ ಭಯದ ಮೇಲೂ ಇಂಥ ಚಿತ್ರ ಇದೆಯಾ? ಎಐ ಬಂದ ಮೇಲೆ ನಮ್ಮ ಆಫೀಸಿನಲ್ಲಿ ದಿನಾ ಅದೇ ಮಾತು.

ಕಲ್ಲಚ್ಚಿನ ಹುಚ್ಚ
@ಕೋಡು ಬರೆಯುವವ ನಿಮಗೆ ಹೇಳಿ ಮಾಡಿಸಿದ ಚಿತ್ರ ಒಂದಿದೆ. ತಿಯೊದೊರ್ ಮೊರಿಸೆ, 1839ರ ಡಿಸೆಂಬರ್. ಅದೇ ವರ್ಷ ಡಾಗೆರ್ ತನ್ನ ಫೋಟೋ ವಿಧಾನವನ್ನು ಜಗತ್ತಿಗೆ ತೋರಿಸಿದ್ದ. ಪ್ಯಾರಿಸ್ಸಿಗೆ ಫೋಟೋ ಹುಚ್ಚು ಹಿಡಿದಿತ್ತು. ಮೊರಿಸೆಯ ಚಿತ್ರದಲ್ಲಿ ಜನ ಇರುವೆ ಸಾಲಾಗಿ ಕ್ಯಾಮೆರಾ ಅಂಗಡಿಗೆ ನುಗ್ಗುತ್ತಿದ್ದಾರೆ. ಬಲೂನಿನಲ್ಲೂ ಕ್ಯಾಮೆರಾ, ರೈಲಿನಲ್ಲೂ ಕ್ಯಾಮೆರಾ. ಒಂದು ಮೂಲೆಯಲ್ಲಿ ಸಾಲಾಗಿ ನೇಣುಗಂಬ. ಅದಕ್ಕೊಂದು ಬೋರ್ಡು: ‘ಅಚ್ಚು ಕೊರೆಯುವವರಿಗೆ ನೇಣುಗಂಬ ಬಾಡಿಗೆಗೆ ಇದೆ.’ ಕೆಲವರು ಆಗಲೇ ಬಾಡಿಗೆ ಕಟ್ಟಿ ನೇತಾಡುತ್ತಿದ್ದಾರೆ!

ಇದನ್ನು ಬರೆದ ಮೊರಿಸೆಯ ಹೊಟ್ಟೆಪಾಡೂ ಅಚ್ಚಿನ ಚಿತ್ರವೇ. ತನ್ನ ನೇಣುಗಂಬವನ್ನು ತಾನೇ ಬರೆದು ಮಾರಿದ. ಬೋದಿಲೇರ್ ಹೇಳಿದ ತತ್ವಜ್ಞಾನಿ ಸಿಕ್ಕಿದ ನೋಡಿ.

ಕೋಡು ಬರೆಯುವವ
ಇದನ್ನು ಪ್ರಿಂಟ್ ತೆಗೆದು ಆಫೀಸಿನ ಕಾಫಿ ಮೆಷಿನ್ ಪಕ್ಕ ಅಂಟಿಸುತ್ತೇನೆ. ಹೆಚ್‌ಆರ್‌ನವರು ತೆಗೆಯುವ ತನಕ ಇರಲಿ.

ಚಿತ್ರಕಲಾ ಹುಡುಗಿ
ಎಲ್ಲರೂ ಕಲ್ಲಚ್ಚು ಕಲ್ಲಚ್ಚು ಅಂತೀರಿ, ಕಲ್ಲು ಮುಟ್ಟಿದವರು ಯಾರಿದ್ದೀರಿ? ಕಾಲೇಜಿನಲ್ಲಿ ನಾವು ಮಾಡಿದ್ದೇವೆ. ಸುಣ್ಣಕಲ್ಲಿನ ದಪ್ಪ ಹಲಗೆ, ಒಳ್ಳೆಯದು ಜರ್ಮನಿಯ ಸೋಲ್ನ್‌ಹೋಫನ್‌ನಿಂದ ಬರುತ್ತೆ. ಮೊದಲು ಮರಳು, ನೀರು ಹಾಕಿ ಉಜ್ಜಬೇಕು. ಹಳೇ ಚಿತ್ರ ಪೂರ್ತಿ ಹೋಗಬೇಕು, ಸಣ್ಣ ತರಿ ಮಾತ್ರ ಉಳಿಯಬೇಕು. ರಟ್ಟೆ ಬಿದ್ದುಹೋಗುತ್ತೆ.

ಆಮೇಲೆ ಜಿಡ್ಡಿನ ಬಳಪದಲ್ಲಿ ಬರೆಯೋದು, ಗೋಂದಿಗೆ ಒಂಚೂರು ಆಸಿಡ್ ಬೆರೆಸಿ ಬಳಿಯೋದು. ಕಲ್ಲು ಒದ್ದೆ ಮಾಡಿ ಶಾಯಿಯ ರೋಲರ್ ಓಡಿಸಿದರೆ ಜಿಡ್ಡಿದ್ದ ಕಡೆ ಮಾತ್ರ ಶಾಯಿ ಹಿಡಿಯುತ್ತೆ, ಒದ್ದೆ ಇದ್ದ ಕಡೆ ಹಿಡಿಯಲ್ಲ. ಅಷ್ಟೇ ಗುಟ್ಟು. ಜರ್ಮನಿಯ ಸೆನೆಫೆಲ್ಡರ್ 1790ರ ದಶಕದ ಕೊನೆಗೆ ಕಂಡುಹಿಡಿದದ್ದು. ಕಲ್ಲಿಗೆ ಬೆವರಿನ ಬೆರಳು ತಾಗಿದರೂ ಅಚ್ಚಿನಲ್ಲಿ ಕಾಣಿಸುತ್ತೆ. ಚಿತ್ರ ಕನ್ನಡಿಯಂತೆ ತಿರುಗಿ ಬರೋದರಿಂದ ಅಕ್ಷರವನ್ನು ಉಲ್ಟಾ ಬರೆಯಬೇಕು.

ತಾಮ್ರ ಕೊರೆಯೋಕೆ ವಾರಗಟ್ಟಲೆ ಬೇಕಾಗಬಹುದು. ಕಲ್ಲಿನ ಮೇಲೆ ಕಾಗದದ ಮೇಲೆ ಬರೆದಷ್ಟೇ ಸಲೀಸು. ಅದಕ್ಕೇ ಶಾರಿವಾರಿಯವರು ದಿನಾ ಹೊಸ ಚಿತ್ರ ಕೊಡೋಕೆ ಆಗಿದ್ದು. ಧೂಮಕೇತು ಗುಲ್ಲು ಇವತ್ತು ಎದ್ದರೆ ಕೆಲವೇ ದಿನದಲ್ಲಿ ಚಿತ್ರ ಬೀದಿಯಲ್ಲಿ.

ತೀರದ ಗಾಳಿ
ಕಲ್ಲಚ್ಚು ಅಂದಮೇಲೆ ನಮ್ಮೂರ ವಿಷಯ ಒಂದು ಹೇಳಲೇಬೇಕು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ಕ್ಕೆ ಹೊರಟಿತಲ್ಲ, ಅದೂ ಕಲ್ಲಚ್ಚಿನಲ್ಲೇ. ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ತಂದದ್ದು. ಡೋಮಿಯೆ ಪ್ಯಾರಿಸ್ಸಿನಲ್ಲಿ ರೈಲಿನ ಚಿತ್ರ ಬರೆಯುತ್ತಿದ್ದ ವರ್ಷವೇ ಮಂಗಳೂರಿನಲ್ಲೂ ಕಲ್ಲಿನ ಮೇಲೆ ಕನ್ನಡ ಅಕ್ಷರ ಬಿತ್ತು. ಮರುವರ್ಷ ಬಳ್ಳಾರಿಗೆ ಹೋಗಿ ಅಚ್ಚುಮೊಳೆಗೆ ಬದಲಾಯಿತು.

ಬೆಣ್ಣೆದೋಸೆ
ಅದರಲ್ಲಿ ವ್ಯಂಗ್ಯಚಿತ್ರ ಇರಲಿಲ್ಲ ಅನ್ನೋದೊಂದೇ ಬೇಜಾರು.

ತೀರದ ಗಾಳಿ
ಅದಕ್ಕೆ 1942ರಲ್ಲಿ ರಾಶಿಯವರ ‘ಕೊರವಂಜಿ’ ಬರಬೇಕಾಯಿತು. ಆರ್.ಕೆ. ಲಕ್ಷ್ಮಣ್ ಶುರುವಿನಲ್ಲಿ ಅದಕ್ಕೂ ಬರೆದಿದ್ದಾರೆ.

ಹಳೇ ಪುಸ್ತಕದಂಗಡಿ
ಡೋಮಿಯೆಯ ಅಸಲಿ ಚಿತ್ರ ಅಂತ ಆನ್‌ಲೈನ್‌ನಲ್ಲಿ ಮಾರುತ್ತಾರೆ. ತಗೋಬಹುದಾ? ಒಬ್ಬರ ಹತ್ತಿರ ತರಿಸಿದೆ, ಪೇಪರ್ ಹೊಳೆಯುತ್ತಿದೆ. ಅನುಮಾನ ಬಂತು.

ಚಿತ್ರಕಲಾ ಹುಡುಗಿ
ಭೂತಗನ್ನಡಿ ಹಿಡಿದು ನೋಡಿ ಅಂಕಲ್. ಒಂದೇ ಅಳತೆಯ ಚುಕ್ಕಿಗಳು ಸಾಲುಸಾಲಾಗಿ ಕಂಡರೆ ಅದು ಈಗಿನ ಆಫ್‌ಸೆಟ್ ಪ್ರಿಂಟು. ಅಸಲಿ ಕಲ್ಲಚ್ಚಿನಲ್ಲಿ ಬಳಪದ ತರಿ ಅಡ್ಡಾದಿಡ್ಡಿ ಇರುತ್ತೆ.

ಕಲ್ಲಚ್ಚಿನ ಹುಚ್ಚ
ಹಿಂಬದಿಯನ್ನೂ ನೋಡಿ. ಪತ್ರಿಕೆಯಿಂದ ಕತ್ತರಿಸಿದ್ದಾದರೆ ಹಿಂದೆ ಸುದ್ದಿಯ ಅಕ್ಷರ ಇರುತ್ತೆ. ಜನ ಅದನ್ನು ದೋಷ ಅಂದುಕೊಂಡು ಬೇಡ ಅಂತಾರೆ, ಆದರೆ ಅದು ಒಳ್ಳೆಯ ಗುರುತೇ. ಹಿಂದೆ ಖಾಲಿ ಇರುವ ಅಸಲಿಗಳೂ ಇವೆ, ಸಂಗ್ರಹ ಮಾಡುವವರಿಗೆ ಅಂತ ಒಳ್ಳೇ ಬಿಳಿ ಕಾಗದದಲ್ಲಿ ಬೇರೆ ತೆಗೆದವು. ಅವು ದುಬಾರಿ. ಬರೀ ನೋಡೋಕಾದರೆ ದುಡ್ಡು ಯಾಕೆ? ಬ್ರಾಂಡೈಸ್ ವಿಶ್ವವಿದ್ಯಾಲಯದವರು ತಮ್ಮ ಸಂಗ್ರಹವನ್ನು ಆನ್‌ಲೈನ್‌ನಲ್ಲಿ ಇಟ್ಟಿದ್ದಾರೆ. ಡೋಮಿಯೆ ರಿಜಿಸ್ಟರ್ ಅಂತ ಇನ್ನೊಂದಿದೆ, ಅದರಲ್ಲಿ ತಾರೀಖಿನ ಸಮೇತ ಸಿಗುತ್ತೆ.

ಶರಾವತಿ
ಆ ಹೊಟ್ಟೆನೋವಿನ ಚಿತ್ರವನ್ನು ಅಣ್ಣನಿಗೆ ಕಳಿಸಿದೆ. ‘ಇದರಲ್ಲಿ ಎರಡು ದೆವ್ವ ಕಮ್ಮಿ ಇದೆ’ ಅಂತ ಉತ್ತರ ಬಂತು. ಅವನು ತಾನಾಗಿ ನಕ್ಕಿದ್ದಾನೆ, ಅದು ಸರಿ. ಬೇರೆಯವರು ನಕ್ಕರೆ ಈಗಲೂ ಸ್ವಲ್ಪ ದೂರ ನಿಂತೇ ನಗಿ ಅಂತೀನಿ.

ಚಿತ್ರಗುಪ್ತ
ಅಣ್ಣನಿಗೆ ಉಳಿದ ಚಿತ್ರಗಳನ್ನೂ ಕಳಿಸಿ ಅಕ್ಕ, ತಲೆನೋವಿನದ್ದೂ ಇದೆ.

ಪೆನ್ಸಿಲ್ ಪುಟ್ಟಮ್ಮ
ಹುಚ್ಚರು ತೊಟ್ಟಿಯ ಮಗುವಿನ ಬಗ್ಗೆ ಇನ್ನೂ ಉತ್ತರ ಕೊಟ್ಟಿಲ್ಲ.

ಕಲ್ಲಚ್ಚಿನ ಹುಚ್ಚ
ಕಾಲು ಬರೆದದ್ದು ಡೋಮಿಯೆಯೇ ಮೇಡಂ. ಆದರೂ ಅವನ ಪರವಾಗಿ ವಾದ ಇದೆ, ಉದ್ದ ಇದೆ. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ಬರುತ್ತೇನೆ.

ಪೆನ್ಸಿಲ್ ಪುಟ್ಟಮ್ಮ
ಮಾಡಿದ್ದೇನೆ. ‘ಬರೆಯುವ ಹೆಂಗಸರೂ ಹೆದರುವ ಗಂಡಸರೂ’ ಅಂತ ಹೆಸರು. ಬೆಣ್ಣೆದೋಸೆ ಆಗಲೇ ಬಂದು ಕೂತಿದ್ದಾರೆ.